ಬಾವಿಯ ಸುತ್ತಿಗೆ ಒಂದು ಗೇಣು ಕಡಿಮೆ

ನಾನು ಖರ್ಜೂರದ ನಾರಿನ ಹಗ್ಗ. ಬಾಬಿಲೋನಿನ ಸೀಮೆಯಲ್ಲಿ, ಬೇಲೆಸುನು ಎಂಬ ಹೆಂಗಸಿನ ಅಂಗೈಗಳ ನಡುವೆ ಹೊಸೆದುಕೊಂಡು ಹುಟ್ಟಿದೆ. ಅವಳು ಗೇಣಿಗೊಂದು ಗಂಟು ಹಾಕಿ, ಬಾವಿ ಕಟ್ಟುವ ತನ್ನ ಅಣ್ಣ ಇದ್ದಿನನ ಕೈಗೆ ನನ್ನನ್ನು ಕೊಟ್ಟಳು.

ಇದ್ದಿನನಿಗೆ ಮಾತು ಕಡಿಮೆ, ಹಟ ಜಾಸ್ತಿ. ಬಾವಿಯ ಅಗಲವನ್ನು ನನ್ನಿಂದ ಅಳೆದು, ಪ್ರತಿ ಸುತ್ತಿಗೂ ಅದರ ಮೂರು ಪಟ್ಟು ಉದ್ದದಷ್ಟು ಇಟ್ಟಿಗೆ ಸುಡಿಸುತ್ತಿದ್ದ. ಸುತ್ತಳತೆ ಎಂದರೆ ಅಗಲದ ಮೂರು ಪಟ್ಟು ಎಂದೇ ಊರಿನ ಲೆಕ್ಕಿಗರೂ ಎಣಿಸುತ್ತಿದ್ದರು. ಕಣಜ ಅಳೆಯಲು ಅಷ್ಟು ಸಾಕಿತ್ತು. ಬಾವಿಯಲ್ಲಿ ಮಾತ್ರ ಪ್ರತಿ ಸುತ್ತಿನ ಕೊನೆಗೂ ಒಂದು ಸಂದು ಉಳಿಯುತ್ತಿತ್ತು. ಇದ್ದಿನ ಅದಕ್ಕೆ ಜೇಡಿಮಣ್ಣು ಮೆತ್ತಿಬಿಡುತ್ತಿದ್ದ.

"ಎಲ್ಲಾ ಬಾವೀಲೂ ಸಂದು ಬೀಳ್ತದಲ್ಲಣ್ಣ. ಲೆಕ್ಕಾನೇ ತಪ್ಪಿರಬಾರದಾ?" ಎಂದಳು ತಂಗಿ ಒಮ್ಮೆ.

"ಅಪ್ಪ ಕಲಿಸಿದ ಲೆಕ್ಕ ಕಣೆ ಅದು. ಸುಡುವಾಗ ಇಟ್ಟಿಗೆ ಕುಗ್ಗಿರ್ತದೆ, ಅಷ್ಟೆ."

ಗಟ್ಟಿ ನೆಲದಲ್ಲಿ ಆ ಮೆತ್ತು ನಿಂತಿತು. ಒಂದು ಬೇಸಿಗೆಯಲ್ಲಿ ಹೊಳೆದಂಡೆಯ ಮರಳಿನಲ್ಲಿ ಎಂಟು ಗೇಣು ಅಗಲದ ಬಾವಿ ಕಟ್ಟುವ ಕೆಲಸ ಬಂತು. ಇದ್ದಿನ ಒಳಗಿಳಿದು ಕಟ್ಟುತ್ತಿದ್ದ, ಬೇಲೆಸುನು ಮೇಲಿಂದ ಇಟ್ಟಿಗೆ ಇಳಿಸುತ್ತಿದ್ದಳು. ಹಸಿ ಮೆತ್ತು ಬಾಯಿ ಬಿಟ್ಟಿತು. ಸಂದಿನಿಂದ ಮರಳು ನೀರಿನ ಹಾಗೆ ನುಗ್ಗಿ, ನೋಡನೋಡುತ್ತಿದ್ದಂತೆ ಅವನ ಎದೆಮಟ್ಟ ಏರಿತು.

ಅವಳ ಕೈಗೆ ಸಿಕ್ಕಿದ್ದು ನಾನು. ನನ್ನನ್ನು ಒಳಕ್ಕೆ ಬಿಟ್ಟು, ಪಕ್ಕದ ಹೊಲದವರನ್ನು ಕೂಗಿ ಕರೆದಳು.

"ಗಂಟು ಹಿಡ್ಕೋ ಅಣ್ಣಾ! ಬಿಡಬೇಡ!"

ಎಲ್ಲರೂ ಸೇರಿ ಎಳೆದರು. ನನ್ನ ಎಳೆಗಳು ಚಟಚಟನೆ ಹರಿದವು, ನಾನು ತುಂಡಾಗಲಿಲ್ಲ. ಇದ್ದಿನ ಮೇಲೆ ಬಂದ. ಕಾಲು ಮುರಿದಿತ್ತು, ಜೀವ ಉಳಿದಿತ್ತು.

ಅವನ ಕಾಲು ಕೂಡುವ ಮೊದಲೇ ಬೇಲೆಸುನು ಹೊಸ ಹಗ್ಗ ಹೊಸೆದಳು. ಅಂಗಳದಲ್ಲಿ ಗೂಟ ನೆಟ್ಟು ಎಂಟು ಗೇಣು ಅಗಲದ ವೃತ್ತ ಗೀರಿ, ಆ ಗೀರಿನ ಮೇಲೇ ಹಗ್ಗ ಹಾಸಿದಳು. ಇಪ್ಪತ್ತನಾಲ್ಕು ಗೇಣು ಮುಗಿದರೂ ಸುತ್ತು ಕೂಡಲಿಲ್ಲ. ಇನ್ನೊಂದು ಗೇಣು ಬೇಕಾಯಿತು. ಅಂದರೆ ಅಗಲದ ಮೂರು ಪಟ್ಟು, ಮೇಲೆ ಅದರ ಎಂಟನೆಯ ಒಂದು ಪಾಲು. ಆಮೇಲೂ ಒಂದೆರಡು ಬೆರಳಗಲ ಉಳಿದೇ ಉಳಿಯಿತು.

"ಇನ್ನೊಂದ್ಸಲ ಹಾಸು," ಎಂದ ಇದ್ದಿನ. ಅವಳು ಹಾಸಿದಳು. ಅವನು ಗಂಟುಗಳನ್ನು ಒಂದೊಂದಾಗಿ ಎಣಿಸಿದ.

"ಇಟ್ಟಿಗೆ ಕುಗ್ಗಿರಲಿಲ್ಲ ಬಿಡು," ಎಂದ ಕೊನೆಗೆ.

ನನ್ನನ್ನು ಒಬ್ಬ ವರ್ತಕನ ಕತ್ತೆಗೆ ಕಟ್ಟಿದರು. ಅದರ ಜೊತೆ ಈಜಿಪ್ಟಿಗೆ ಬಂದೆ. ಇಲ್ಲಿಯವರ ಲೆಕ್ಕವೇ ಬೇರೆ: ದುಂಡು ಕಣಜದ ಅಗಲದಲ್ಲಿ ಒಂಬತ್ತನೆಯ ಒಂದು ಪಾಲು ಕಳೆದು, ಉಳಿದಷ್ಟು ಅಗಲದ ಚೌಕದ ವಿಸ್ತೀರ್ಣವೇ ಅದರ ತಳದ ವಿಸ್ತೀರ್ಣ ಎನ್ನುತ್ತಾರೆ. ಬೇಲೆಸುನುವಿನ ಲೆಕ್ಕ ನಿಜಕ್ಕಿಂತ ತುಸು ಕಡಿಮೆ, ಇವರದು ತುಸು ಹೆಚ್ಚು. ನಡುವೆ ಇರುವ ನಿಜವಾದ ಅಳತೆಯನ್ನು ಇನ್ನೂ ಯಾರೂ ಮುಟ್ಟಿಲ್ಲ.

ಈಗ ಅಂಥದೊಂದು ಕಣಜದ ಗೋಡೆಯ ಬುಡದಲ್ಲಿ ಬಿದ್ದಿದ್ದೇನೆ. ನನ್ನ ಗೇಣುಗಳೆಲ್ಲ ಹಿಗ್ಗಿ ಒಂದೊಂದೂ ಒಂದೊಂದು ಉದ್ದವಾಗಿವೆ. ಅಳತೆಯ ಹಗ್ಗವಾಗಿ ನಾನು ಕೆಟ್ಟೆ, ನಿಜ. ಅದಕ್ಕೆ ದುಃಖವಿಲ್ಲ. ಕೆಟ್ಟಿದ್ದು ಒಬ್ಬ ಮನುಷ್ಯನ ಭಾರಕ್ಕೆ.