ದಿನಕ್ಕಿಷ್ಟು ತಪ್ಪು

ಸೊಸೆ ಜಿಮ್ಮಿನಲ್ಲಿ ತರಬೇತುದಾರಳಾಗಿ ಸೇರಿದಾಗಿನಿಂದ ಒಬ್ಬರೇ ಒಬ್ಬ ಹೊಸಬರೂ ಅವಳ ಬಳಿ ನಿಂತಿರಲಿಲ್ಲ. ಅವಳಿಗೆ ಕೆಲಸ ಗೊತ್ತಿಲ್ಲವೆಂದಲ್ಲ. ತಾನು ಕಲಿತದ್ದನ್ನೆಲ್ಲ ಮೊದಲ ದಿನವೇ ಅವರ ಮೈಮೇಲೆ ಸುರಿದುಬಿಡುತ್ತಿದ್ದಳು. ಪಾಪ, ಅವರು ಮಾರನೆಯ ದಿನ ಮಂಚದಿಂದ ಇಳಿಯಲಾಗದೆ ನರಳಿ, ಆಮೇಲೆ ಅವಳ ಫೋನನ್ನೇ ಎತ್ತುತ್ತಿರಲಿಲ್ಲ.

ಈಗ ಹೊಸಬರಿಗೆಂದೇ ಬೆಳಗಿನ ಬ್ಯಾಚ್ ಒಂದು ಶುರುವಾಗುವುದಿತ್ತು. ಅದರ ಮೇಲೆ ಅವಳಿಗೆ ಜೀವ. ಮಾಲೀಕರು ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಇನ್ನು ಯಾರು ಮೊದಲು ಸೇರ್ತಾರೋ ಅವರು ನಿನಗೆ. ತಿಂಗಳಾದ ಮೇಲೂ ಅವರು ಬರ್ತಿರಬೇಕು, ಆ ಗಿಡ್ಡ ಸ್ಟೂಲಿನಿಂದ ಕೈ ಊರದೆ ಏಳಬೇಕು. ಆಗ ಬ್ಯಾಚ್ ನಿನ್ನದು. ಇಲ್ಲಾಂದ್ರೆ ಬಂಡೆಗೆ." ಬಂಡೆ ಎಂದರೆ ಅಲ್ಲಿನ ಇನ್ನೊಬ್ಬ ತರಬೇತುದಾರ. ಅವನು ಗದರಿದರೆ ಗೋಡೆಯ ಕನ್ನಡಿಗಳೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದವು.

ಮೊದಲು ಸೇರಿದವರು ಅವಳ ಅತ್ತೆ.

ಮೊಣಕಾಲು ನೋವಿಗೆ ಡಾಕ್ಟರು ವ್ಯಾಯಾಮ ಮಾಡಿ ಎಂದಿದ್ದರಂತೆ. "ಇವಳು ಅಲ್ಲಿ ಏನು ಕಡಿದು ಗುಡ್ಡೆ ಹಾಕ್ತಾಳೋ ನೋಡೇ ಬರ್ತೀನಿ" ಎಂದು ಮಗನ ಹಳೆಯ ಬೂಟಿನ ತುದಿಗೆ ಬಟ್ಟೆ ತುರುಕಿ, ಕಾಲಿಗೇರಿಸಿ, ಬಂದೇ ಬಿಟ್ಟರು.

ಮೊದಲ ದಿನದ ಕಥೆ ಕೇಳಬೇಡಿ. ಅತ್ತೆ ಪುಟ್ಟ ಡಂಬೆಲ್ಲಿಗೆ ಬಗ್ಗಿದರೆ, "ಬಿಡಿ ಅತ್ತೆ, ನಾನು ಎತ್ತುತ್ತೀನಿ" ಎಂದು ಸೊಸೆ ಕಿತ್ತುಕೊಂಡಳು. ಅತ್ತೆ ಬೆಂಚಿನಿಂದ ಏಳಹೊರಟರೆ ಓಡಿ ಬಂದು ಕೈಕೊಟ್ಟಳು. ಮನೆಯಲ್ಲಿ ರೂಢಿಯಾದ ಕೈ, ಜಿಮ್ಮಿಗೆ ಬಂದ ಮಾತ್ರಕ್ಕೆ ಸುಮ್ಮನಿರುತ್ತದೆಯೇ? ಕೊನೆಗೆ ಸೊಸೆ ಬೆವರಿನಲ್ಲಿ ಮಿಂದಿದ್ದಳು, ಅತ್ತೆ ಮುಖಕ್ಕೆ ಹಚ್ಚಿದ ಪೌಡರ್ ಹಚ್ಚಿದ ಹಾಗೇ ಇತ್ತು.

"ಇವತ್ತು ಚೆನ್ನಾಗಿ ವ್ಯಾಯಾಮ ಆಯ್ತು ನಿಮಗೆ" ಎಂದು ಬಂಡೆ ಸೊಸೆಯ ಕಾಲೆಳೆದ.

"ನಾಳೆ ನಾನು ಬರಲ್ಲಮ್ಮ" ಎಂದರು ಅತ್ತೆ. "ಮನೇಲೂ ನೀನೇ ಎತ್ತೋದು, ಇಲ್ಲೂ ನೀನೇ ಎತ್ತೋದು. ಅದನ್ನ ನೋಡೋಕೆ ಇಲ್ಲಿವರೆಗೂ ಯಾಕೆ ಬರಲಿ?"

ಸೊಸೆ ಮನೆಗೆ ಬಂದು ಮುಖ ಸಣ್ಣದು ಮಾಡಿಕೊಂಡು ಒಣಗಿದ ಬೆಡ್‌ಶೀಟ್ ಮಡಿಸತೊಡಗಿದಳು. ಮನಸ್ಸೆಲ್ಲೋ ಇತ್ತು, ಮಡಿಕೆ ಸೊಟ್ಟಗಾಯಿತು. ಕುರ್ಚಿಯಲ್ಲಿದ್ದ ಅತ್ತೆಗೆ ಅದನ್ನು ನೋಡಿ ತಡೆಯಲಾಗಲಿಲ್ಲ. "ಅಯ್ಯೋ, ಕೊಡಿಲ್ಲಿ" ಎನ್ನುತ್ತಾ ದಡಕ್ಕನೆ ಎದ್ದು ಬಂದರು. ಕೈ ಊರಲಿಲ್ಲ, ಉಸ್ಸಪ್ಪಾ ಎನ್ನಲಿಲ್ಲ. ಮೊಣಕಾಲು ಇದೆಯೆಂಬುದೇ ಅವರಿಗೆ ಮರೆತುಹೋಗಿತ್ತು.

ಸೊಸೆಯ ತಲೆಯಲ್ಲಿ ದೀಪ ಹತ್ತಿತು. ಅತ್ತೆಯನ್ನು ಕುರ್ಚಿಯಿಂದ ಎಬ್ಬಿಸುವ ಶಕ್ತಿ ಇರುವುದು ಒಂದಕ್ಕೇ: ಸೊಸೆಯ ತಪ್ಪಿಗೆ.

"ಅತ್ತೆ, ಮಾಲೀಕರು ನನ್ನನ್ನ ಪರೀಕ್ಷೆ ಮಾಡ್ತಾರಂತೆ" ಎಂದಳು ಮೆಲ್ಲಗೆ. "ನಾನು ಕೂತು ಏಳೋದ್ರಲ್ಲಿ ತಪ್ಪಿದ್ರೆ ನೀವು ಹೇಳಬೇಕು. ಹಿಮ್ಮಡಿ ನೆಲ ಬಿಡಬಾರದು, ಮೊಣಕಾಲು ಒಳಗೆ ವಾಲಬಾರದು, ಬೆನ್ನು ಗೂನಾಗಬಾರದು. ಇಷ್ಟು ನೋಡಿಕೊಂಡ್ರೆ ಸಾಕು."

ತಪ್ಪು ಹುಡುಕಲು ಕರೆದರೆ ಅತ್ತೆ ಬರದೇ ಇರುತ್ತಾರೆಯೇ? ಮಾರನೆಯ ದಿನ ಸೊಸೆಗಿಂತ ಮೊದಲೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಜಿಮ್ಮಿನ ಮೂಲೆಯ ಬೆಂಚಿನಲ್ಲಿ ಅತ್ತೆ ಕೂತರು. ಸೊಸೆ ಎದುರಿಗೆ ಬೇಕೆಂದೇ ಹಿಮ್ಮಡಿ ಎತ್ತಿ ಕುಕ್ಕರಿಸಿದಳು. "ಹಿಮ್ಮಡಿ" ಎಂದರು ಅತ್ತೆ. ಸೊಸೆ ಅರ್ಥವಾಗದವಳಂತೆ ಕಣ್ಣು ಪಿಳಿಪಿಳಿ ಬಿಟ್ಟಳು. ವಿಧಿಯಿಲ್ಲದೆ ಅತ್ತೆ ಎದ್ದು ತೋರಿಸಿದರು, ಮತ್ತೆ ಕೂತರು. ಸೊಸೆ ಈ ಸಲ ಮೊಣಕಾಲು ವಾಲಿಸಿದಳು. ಅತ್ತೆ ಮತ್ತೆ ಎದ್ದರು. ಹೀಗೆ ಸೊಸೆಯ ಪ್ರತಿ ತಪ್ಪಿಗೂ ಅತ್ತೆಯ ಒಂದು ಏಳುವಿಕೆ. ಡಾಕ್ಟರು ಮಾತ್ರೆ ಅಳೆದು ಕೊಡುವಂತೆ ಅವಳು ತಪ್ಪು ಅಳೆದು ಮಾಡುತ್ತಿದ್ದಳು. ಅತ್ತೆ ನೋವಿಗೆ ಮುಖ ಕಿವುಚಿದರೆ ಅವತ್ತಿಗೆ ಸೊಸೆಯಷ್ಟು ಜಾಣೆ ಇನ್ನೊಬ್ಬಳಿಲ್ಲ, ಒಂದು ತಪ್ಪೂ ಇಲ್ಲ. ಅತ್ತೆ ಹುರುಪಾಗಿದ್ದರೆ ಶುದ್ಧ ದಡ್ಡಿ. ನಡುವೆ, ಬೆಂಚು ಅಲ್ಲಾಡುತ್ತದೆ ಎಂದು ಸುಳ್ಳು ಹೇಳಿ ಅದಕ್ಕಿಂತ ತಗ್ಗಿನದನ್ನು ತಂದಿಟ್ಟಳು. ಕೆಲವು ದಿನ ಬಿಟ್ಟು ಅದೂ ಅಲ್ಲಾಡತೊಡಗಿತು, ಗಿಡ್ಡ ಸ್ಟೂಲ್ ಬಂತು.

ತಿಂಗಳು ತುಂಬಿತು. ಮಾಲೀಕರು ಬಂದರು, ಬಂಡೆ ಕೈಕಟ್ಟಿ ನಿಂತ.

"ನಿಮ್ಮ ಸೊಸೆ ಹೇಗೆ ಹೇಳಿಕೊಡ್ತಾರಮ್ಮ?" ಎಂದು ಮಾಲೀಕರು ಕೇಳಿದರು.

"ಇವಳಾ?" ಎಂದರು ಅತ್ತೆ. "ಇವಳಿಗೆ ನಾನು ಹೇಳಿಕೊಡ್ತಿರೋದು ಸಾರ್. ತಿಂಗಳಾಯ್ತು, ಹಿಮ್ಮಡಿ ಎತ್ತೋದು ಇನ್ನೂ ಬಿಟ್ಟಿಲ್ಲ."

ಬಂಡೆ ಬಾಯಿಗೆ ಟವೆಲ್ ಅಡ್ಡ ಹಿಡಿದ. ನಿಜ ಸೊಸೆಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಬ್ಯಾಚ್ ಉಳಿಯುತ್ತದೆ. ಆದರೆ ತಿಂಗಳಿಂದ ತಲೆಯೆತ್ತಿ ಓಡಾಡುತ್ತಿರುವ ಅತ್ತೆ ಇಷ್ಟು ಜನರ ಮುಂದೆ ಮಂಕುಬೂದಿ ಎರಚಿಸಿಕೊಂಡವರಾಗುತ್ತಾರೆ, ನಾಳೆ ಮತ್ತೆ ಆ ಕುರ್ಚಿಗೇ ಅಂಟಿಕೊಳ್ಳುತ್ತಾರೆ. ಅವಳಿಗೆ ಬ್ಯಾಚ್ ಬೇಕಿತ್ತು, ತುಂಬಾ ಬೇಕಿತ್ತು.

"ಹೌದು ಸಾರ್" ಎಂದಳು. "ನಾನಿನ್ನೂ ಕಲೀತಿದ್ದೀನಿ."

ಮಾಲೀಕರು ಅವಳನ್ನೇ ಒಂದು ಗಳಿಗೆ ನೋಡಿ, ಸ್ಟೂಲ್ ಮುಂದಕ್ಕೆ ತಳ್ಳಿದರು. ಅತ್ತೆ ಕೂತರು, ಎದ್ದರು. ಯಾರಿಗಾದರೂ ಸರಿಯಾಗಿ ಕಾಣದೆ ಹೋಗಿದ್ದರೆ ಎಂದು ಇನ್ನೊಮ್ಮೆ ನಿಧಾನವಾಗಿ ಎದ್ದರು. ಕೈಗಳೆರಡೂ ಎದೆಯ ಮೇಲಿದ್ದವು.

"ನಾನು ಕೇಳಿದ್ದು ಎರಡೇ" ಎಂದರು ಮಾಲೀಕರು. "ಬರ್ತಿರಬೇಕು, ಕೈ ಊರದೆ ಏಳಬೇಕು. ಯಾರು ಯಾರಿಗೆ ಕಲಿಸಿದ್ರು ಅನ್ನೋದು ನಿಮ್ಮ ಮನೆ ವಿಷಯ. ಬ್ಯಾಚ್ ನಿನ್ನದಮ್ಮ."

ಇಬ್ಬರೂ ಮೆಟ್ಟಿಲಿಳಿದು ರಸ್ತೆಗೆ ಬಂದರು.

"ನಾಳೆಯಿಂದ ಆ ಹಿಮ್ಮಡಿ ಎತ್ತೋದು ಬಿಡು" ಎಂದರು ಅತ್ತೆ, ತಿರುವು ಬಂದಾಗ. "ಬೇರೆ ಏನಾದ್ರೂ ತಪ್ಪು ಮಾಡು. ಒಂದೇ ತಪ್ಪಿಗೆ ಎಷ್ಟು ದಿನ ಅಂತ ಮೋಸ ಹೋದ ಹಾಗೆ ನಟಿಸಲಿ?"

ಸೊಸೆ ನಿಂತಲ್ಲೇ ನಿಂತಳು. "ಮತ್ತೆ ಮಾಲೀಕರ ಮುಂದೆ ಹಾಗ್ಯಾಕೆ ಹೇಳಿದ್ರಿ ಅತ್ತೆ?"

"ನೀನು ಬ್ಯಾಚ್ ಉಳಿಸ್ಕೋತೀಯೋ, ನನ್ನ ಮರ್ಯಾದೆ ಉಳಿಸ್ತೀಯೋ, ನೋಡಬೇಕಿತ್ತು" ಎಂದ ಅತ್ತೆ, ಹಿಂದೆ ತಿರುಗಿ ನೋಡದೆ ಬಿರಬಿರನೆ ನಡೆದರು.