ಕಡಲೆ ಹಾಸಿದ ರಸ್ತೆ

ರೋಣದಿಂದ ಗಜೇಂದ್ರಗಡಕ್ಕೆ ಟಂಟಂ ಆಟೋ ಹೊಡೆಯುವ ಆಸಿಫಾ ಯಾರ ಮಾತಿಗೂ ಸೊಪ್ಪು ಹಾಕುವ ಹೆಣ್ಣಲ್ಲ. ಸ್ಟ್ಯಾಂಡಿನಲ್ಲಿ ಯಾವನಾದರೂ ಸಾಲು ಮುರಿದು ಗಾಡಿ ಮುಂದೆ ತಂದರೆ, ಅವಳು ತನ್ನ ಗಾಡಿಯನ್ನು ಅಡ್ಡ ನಿಲ್ಲಿಸಿ, ಕೀಲಿ ಕಿತ್ತುಕೊಂಡು, ಚಹಾ ಕುಡಿಯಲು ಹೋಗಿಬಿಡುತ್ತಾಳೆ. ಅವಳ ಪಾಳಿ ಅವಳಿಗೆ ಬರುವ ತನಕ ಸ್ಟ್ಯಾಂಡಿನಿಂದ ಒಂದು ಗಾಲಿಯೂ ಉರುಳುವಂತಿಲ್ಲ. ಅಂಥವಳು ಆ ಮಾಘದ ಬಿಸಿಲಿನಲ್ಲಿ, ಮಂದಿ ತುಂಬಿದ ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸಿ, ಹಿಂದಕ್ಕೆ ಓಡಿ, ಡಾಂಬರಿನ ಮೇಲೆ ಹಾಸಿದ್ದ ಕಡಲೆ ಗಿಡಗಳನ್ನು ಎರಡೂ ಕೈಯಿಂದ ಕೆದರುತ್ತ ಕೂತಿದ್ದಳು.

ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆಯೇ ಕಣ. ಕಿತ್ತು ತಂದ ಕಡಲೆಯನ್ನು ಡಾಂಬರಿನ ಮೇಲೆ ಹಾಸಿದರೆ, ಹೋಗಿ ಬರುವ ಲಾರಿ, ಬಸ್ಸು, ಟಂಟಂಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಹೀಗೆ ಹಾಸಬಾರದು ಎಂದು ಕಾನೂನು ಹೇಳುತ್ತದೆ, ಆದರೆ ಕಡಲೆ ಕೇಳಬೇಕಲ್ಲ. ಗಾಡಿಯವರು ಬೈಯುತ್ತಾರೆ, ಬೈಯುತ್ತಲೇ ಅದರ ಮೇಲೆ ಹಾದು ಹೋಗುತ್ತಾರೆ.

"ನನ್ನ ರಾಶ್ಯಾಗ ಏನ ಹುಡಕಾಕತ್ತಿ?" ಎಂದಳು ಸಿದ್ದವ್ವ. ಕಡಲೆ ಅವಳದು. ಗಿಡ ತಿರುವಿ ಹಾಕುವ ಕವಲು ಕೋಲು ಹಿಡಿದು ಬೇವಿನ ನೆರಳಿನಲ್ಲಿ ಕೂತಿದ್ದ ಮುದುಕಿ.

"ಏನಿಲ್ಲಬೇ. ಹಂಗ ಒಂದೀಟ ನೋಡತೇನಿ."

"ಏನಿಲ್ಲ ಅಂದ ಮ್ಯಾಲ ಏನ ನೋಡತಿ?"

ಆಸಿಫಾ ಇನ್ನೊಂದು ಹಿಡಿ ಗಿಡ ಎತ್ತಿ ಕೆಳಗೆ ಬಗ್ಗಿ ನೋಡಿದಳು. ಹೇಳುವುದಾದರೂ ಹೇಗೆ? ಈ ಗಿಡಗಳ ಕೆಳಗೆ ಒಂದು ಕೂಸು ಮಲಗಿದ್ದರೂ ಮಲಗಿರಬಹುದು, ನಾನು ಅದರ ಮೇಲೆ ಗಾಡಿ ಹಾಯಿಸಿದ್ದರೂ ಹಾಯಿಸಿರಬಹುದು ಎಂದು ಹೇಳಲೇ? ಗಾಡಿಯಲ್ಲಿದ್ದವರು ಒಬ್ಬೊಬ್ಬರಾಗಿ ಇಳಿದು, ಹಿಂದೆ ಬಂದ ಬಸ್ಸಿಗೆ ಕೈ ಮಾಡಿ ಹೋಗಿಬಿಟ್ಟರು.

ಇದೆಲ್ಲ ಹಿಂದಿನ ವರ್ಷದ ಸುಗ್ಗಿಯಲ್ಲಿ ಶುರುವಾದದ್ದು. ಗಾಡಿಗೆ ಹತ್ತಿದ ಯಾವನೋ ಒಬ್ಬ ಪುಣ್ಯಾತ್ಮ, ಎಲ್ಲೋ ಹೀಗೇ ಹಾಸಿದ್ದರಂತೆ, ನೆರಳಿಗೆಂದು ಕೂಸೊಂದು ಗಿಡದ ಕೆಳಗೆ ಹೊಕ್ಕು ಮಲಗಿತ್ತಂತೆ, ಗಾಡಿಯೊಂದು ಅದರ ಮೇಲೇ ಹಾಯಿತಂತೆ ಎಂದು ಕತೆ ಹೇಳಿದ. ಯಾವ ಊರು, ಯಾರ ಕೂಸು, ಒಂದೂ ಅವನಿಗೆ ಗೊತ್ತಿರಲಿಲ್ಲ. ತನ್ನೂರು ಬಂದ ಕೂಡಲೇ ಅವನು ಇಳಿದು ಹೋದ, ಅವನ ಮಾತು ಮಾತ್ರ ಇಳಿಯಲಿಲ್ಲ. ಮೊದಮೊದಲು ಆಸಿಫಾ ಹಾಸಿದ ಗಿಡಗಳನ್ನಷ್ಟೇ ನೋಡುತ್ತಿದ್ದಳು. ಆಮೇಲೆ ರಸ್ತೆಯ ತಗ್ಗು, ಉಬ್ಬು, ಸತ್ತ ಹಾವು, ಗಾಲಿಗೆ ಏನು ತಾಗಿದರೂ ತಿರುಗಿ ಹೋಗಿ ನೋಡುವಂತಾಯಿತು. ಮನೆಗೆ ಬಂದ ಮೇಲೂ ಸಮಾಧಾನವಿಲ್ಲ. ಗಂಡ ಬಾಷಾ ವೆಲ್ಡಿಂಗ್ ಅಂಗಡಿ ಮುಚ್ಚಿ ಬಂದು ಒಂದು ತುತ್ತು ಉಣ್ಣುವಷ್ಟರಲ್ಲಿ, "ನೀವರ ಒಮ್ಮೆ ಬೈಕ್ ಮ್ಯಾಲ ಹೋಗಿ ನೋಡಿ ಬರ್ರಿ" ಎಂದು ಅಳುತ್ತಿದ್ದಳು. ಪಾಪದ ಮನುಷ್ಯ, ಹೋಗುತ್ತಿದ್ದ. ಬಂದು "ಏನೂ ಇಲ್ಲ" ಎನ್ನುತ್ತಿದ್ದ. "ಛಲೋತ್ನ್ಯಾಗಿ ನೋಡಿದ್ರಿಲ್ಲ?" ಎಂದು ಅವಳು ಮತ್ತೆ ಕೇಳುತ್ತಿದ್ದಳು.

ಸಿದ್ದವ್ವನ ರಾಶಿ ಕೆದರಿದ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಬಾಷಾನ ತಮ್ಮ ಅಯಾಜ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ. ಗಾಡಿಯ ಮೇಲೆ ಅವನ ಕಣ್ಣು ಇಂದು ನಿನ್ನೆಯದಲ್ಲ.

"ಭಾಭಿ, ನಾ ಮೊದಲ ಹೇಳಿರಲಿಲ್ಲ? ಗಾಡಿ ನನ್ನ ಕೈಯಾಗ ಕೊಡ್ರಿ. ನೀವ ಮನ್ಯಾಗ ಆರಾಮ ಇರ್ರಿ."

ಆಸಿಫಾ ಗಂಡನ ಮುಖ ನೋಡಿದಳು. ಸಂತೆ ಮೈದಾನದಲ್ಲಿ ಪಕ್ಕಕ್ಕೆ ಕೂತು ಅವಳಿಗೆ ಗೇರು ಬದಲಿಸಲು ಕಲಿಸಿದವನು ಇದೇ ಬಾಷಾ. ಅವನು ತಲೆ ತಗ್ಗಿಸಿ, "ಈ ಕಡ್ಲಿ ಸುಗ್ಗಿ ಮುಗಿಯೂತನಕ ನೋಡೂಣು. ಆಮ್ಯಾಲೂ ಹಿಂಗ ತಿರುಗಿ ತಿರುಗಿ ಹೋದ್ರ, ಅಯಾಜ ಹೊಡೀಲಿ" ಎಂದ. ಊರವರ ನೂರು ಮಾತು ಅವಳಿಗೆ ನಾಟಿರಲಿಲ್ಲ. ಈ ಒಂದು ಮಾತು ನಾಟಿತು.

ತಾಲೂಕು ದವಾಖಾನೆಗೆ ಮಂಗಳವಾರಕ್ಕೊಮ್ಮೆ ಮನಸ್ಸಿನ ಡಾಕ್ಟರರು ಬರುತ್ತಿದ್ದರು. ಗಾಡಿ ಉಳಿಸಿಕೊಳ್ಳಬೇಕೆಂದು ಆಸಿಫಾ ಅವರ ಹತ್ತಿರ ಹೋದಳು. ಅವರು ಗುಳಿಗೆ ಬರೆದುಕೊಟ್ಟು, ಇದು ಹುಚ್ಚಲ್ಲ, ಗೀಳಿನ ಕಾಯಿಲೆ ಎಂದು ತಿಳಿಸಿ, ಆಪ್ತ ಸಮಾಲೋಚಕಿ ಅನ್ನಪೂರ್ಣೇಶ್ವರಿಯ ಕೋಣೆಗೆ ಕಳಿಸಿದರು. ಆಸಿಫಾ ಜಗಳಕ್ಕೆ ತಯಾರಾಗಿಯೇ ಒಳಗೆ ಹೋದಳು. ಈಕೆಯೂ "ಏನೂ ಆಗೂದಿಲ್ಲ, ಧೈರ್ಯ ತಗೋರಿ" ಎಂದರೆ ಎದ್ದು ಬಂದುಬಿಡಬೇಕು ಎಂದುಕೊಂಡಿದ್ದಳು. ಆಕೆ ಹಾಗೆ ಅನ್ನಲೇ ಇಲ್ಲ. ವಕೀಲರ ಹಾಗೆ ಪ್ರಶ್ನೆ ಹಾಕತೊಡಗಿದಳು.

"ಸಿದ್ದವ್ವನ ಕಡ್ಲಿ ಮ್ಯಾಲ ಗಾಡಿ ಹಾಯಿಸೂ ಮೊದಲ ನಿಮ್ಮ ಕಣ್ಣಿಗೆ ಏನ ಕಾಣಸ್ತು?"

"ಕಡ್ಲಿ ರೀ."

"ಕೂಸು?"

"ಇಲ್ರಿ."

"ಗಿಡ ಅಲಗ್ಯಾಡಿದ್ವು? ಯಾರರ ಚೀರಿದ್ರು?"

"ಇಲ್ರಿ. ಸಿದ್ದವ್ವ ಅಲ್ಲೇ ಬಾಜೂಕ ಕುಂತಿದ್ಲು."

"ಹಂಗಾರ ಕೂಸು ಎಲ್ಲಿಂದ ಬಂತು?"

"ಇದ್ದರೂ ಇರಬಹುದಲ್ರಿ."

"ಈ ಇರಬಹುದು ಅನ್ನೂದು ರಸ್ತೇದ ಮ್ಯಾಲ ಇತ್ತೋ, ನಿಮ್ಮ ತಲ್ಯಾಗ ಇತ್ತೋ?"

ಆಸಿಫಾಳಿಗೆ ಸಿಟ್ಟು ನೆತ್ತಿಗೇರಿತು. "ಅಂದ್ರ ನಾ ಸುಳ್ಳ ಹೇಳಾಕತ್ತೇನೇನ್ರಿ?"

"ಸುಳ್ಳ ಅಲ್ರಿ. ನಿಮ್ಮ ಸಂಕಟ ಖರೇನ ಐತಿ. ಒಂದ ಮಾತ ಹೇಳ್ರಿ, ಸಂತ್ಯಾಗ ಬದನಿಕಾಯಿ ತಗೋತೀರಿ. ಒಳಗ ಹುಳ ಇರಬಹುದು ಅಂತ ಅಲ್ಲೇ ಎಲ್ಲಾ ಹೆಚ್ಚಿ ನೋಡತೀರೇನು?"

"ಯಾಕ್ ಹೆಚ್ಚಲಿ? ಕೈಯಾಗ ಹಿಡದ ನೋಡತೇನಿ. ತೂತ ಇಲ್ಲಂದ್ರ ಚೀಲದಾಗ ಹಾಕ್ಕೋತೇನಿ."

"ಬದನಿಕಾಯಿಗೆ ನಿಮ್ಮ ಕಣ್ಣ ಸಾಕಾತು. ರಸ್ತೇಕ ಯಾಕ ಸಾಲವಲ್ಲದು?"

ಎದ್ದು ಹೋಗಲೆಂದು ಕುರ್ಚಿಯ ಅಂಚಿಗೆ ಸರಿದಿದ್ದ ಆಸಿಫಾ ತಿರುಗಿ ಹಿಂದಕ್ಕೆ ಒರಗಿ ಕೂತಳು. ಸ್ಟ್ಯಾಂಡಿನ ಗಂಡಸರು ಇದನ್ನು ನೋಡಿದ್ದರೆ ಹಬ್ಬ ಮಾಡುತ್ತಿದ್ದರು.

ಅನ್ನಪೂರ್ಣೇಶ್ವರಿ ನಿಧಾನಕ್ಕೆ ಬಿಡಿಸಿ ಹೇಳಿದಳು. ಆಗಬಹುದು ಅನ್ನುವುದಕ್ಕೆ ಕೊನೆಯಿಲ್ಲ, ಆಕಾಶವೂ ಬೀಳಬಹುದು. ಕಣ್ಣಿಗೆ ಕಂಡದ್ದರಿಂದ, ಕಿವಿಗೆ ಕೇಳಿದ್ದರಿಂದ ಹುಟ್ಟುವ ಸಂಶಯ ಬೇರೆ, ಅದು ಕೆಲಸಕ್ಕೆ ಬರುವ ಸಂಶಯ. ಯಾವನೋ ಹೇಳಿದ ಕತೆಯಿಂದ ಹುಟ್ಟುವ ಸಂಶಯ ಬೇರೆ. ಕತೆಯ ಕೂಸನ್ನು ರಸ್ತೆಯ ಮೇಲೆ ಹುಡುಕಿದರೆ ಅದು ಸಿಗುವುದೂ ಇಲ್ಲ, ಸಿಗಲಿಲ್ಲವೆಂದು ಮನಸ್ಸು ಬಿಡುವುದೂ ಇಲ್ಲ. ಹುಡುಕಿದಷ್ಟೂ ಸ್ವಂತ ಕಣ್ಣಿನ ಮೇಲಿನ ನಂಬಿಕೆ ಕಡಿಮೆಯಾಗುತ್ತದೆ, ಅಷ್ಟೇ.

ಮುಂದಿನ ಮಂಗಳವಾರ ಆಕೆ ಇನ್ನೊಂದು ಪ್ರಶ್ನೆ ಕೇಳಿದಳು. "ಆ ಕತಿಯೊಳಗ ನೀವು ಯಾರು?"

"ಕೂಸು ಕೊಂದಾಕಿ," ಎಂದಳು ಆಸಿಫಾ.

"ನೀವು ಯಾರನ್ನರ ಕೊಲ್ಲತೀರಿ ಅಂತ ನಿಮಗ ಮೊದಲ ಯಾರರ ಅಂದಿದ್ರು?"

ಅಂದಿದ್ದರು. ಅನ್ನದವರು ಯಾರು? ಅವಳು ಮೊದಲ ಸಲ ಸ್ಟೇರಿಂಗ್ ಹಿಡಿದ ದಿನ ಅಯಾಜ ಬಾಗಿಲಲ್ಲಿ ನಿಂತು, "ಹೆಂಗಸು ಗಾಡಿ ಹೊಡದ್ರ ಒಂದಿಲ್ಲೊಂದಿನ ಯಾರದರ ಕೂಸಿನ ಜೀವ ತಗೀತಾಳ" ಎಂದಿದ್ದ. ಸ್ಟ್ಯಾಂಡಿನಲ್ಲಿ ಅದೇ ಮಾತು, ಓಣಿಯ ನಳದ ಹತ್ತಿರವೂ ಅದೇ ಮಾತು. ಹೊರಗೆ ಅಂದವರಿಗೆಲ್ಲ ಅವಳು ಮುಖದ ಮೇಲೆ ಹೊಡೆದಂತೆ ಉತ್ತರ ಕೊಟ್ಟಿದ್ದಳು. ಅದೇ ಮಾತು ಯಾವಾಗಲೋ ಒಳಗೆ ಬಂದು ಅವಳದೇ ದನಿಯಲ್ಲಿ ಮಾತಾಡತೊಡಗಿದಾಗ ಮಾತ್ರ ಗುರುತು ಹಿಡಿದಿರಲಿಲ್ಲ. ತನ್ನ ಮನಸ್ಸಾಕ್ಷಿ ಎಂದು ತಿಳಿದು ಅದಕ್ಕೆ ಒಂದು ವರ್ಷ ಚಾಕರಿ ಮಾಡಿದ್ದಳು. ಅವಳ ಮೈಯೆಲ್ಲ ಉರಿಯಿತು. ಎಷ್ಟೋ ತಿಂಗಳ ಮೇಲೆ ಅಂಜಿಕೆಯ ಜಾಗದಲ್ಲಿ ಸಿಟ್ಟು ಬಂದಿತ್ತು, ಸಿಟ್ಟನ್ನು ಹೇಗೆ ಬಳಸಬೇಕೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಸಿಟ್ಟ ಛಲೋನ," ಎಂದಳು ಅನ್ನಪೂರ್ಣೇಶ್ವರಿ. "ಆದ್ರ ಆ ಒಳಗಿನ ಮಾತಿನ ಕೂಡ ವಾದಕ್ಕ ಕುಂಡ್ರಬ್ಯಾಡ್ರಿ, ಅದು ಮುಗಿಯೂ ವಾದ ಅಲ್ಲ. ಗಾಡಿ ಸಾವಕಾಶ ಮಾಡ್ರಿ, ಕಣ್ಣಿಲೆ ಒಮ್ಮೆ ನೋಡ್ರಿ, ನೋಡಿದ್ದನ್ನ ನಂಬ್ರಿ, ಮುಂದ ಹೋಗ್ರಿ. ಅಂಜಿಕಿ ಕೂಡ ಬಂದ್ರ ಬರಲಿ."

ಬಾಷಾನನ್ನೂ ಕರೆಸಿ, ಇನ್ನು ಮೇಲೆ ರಸ್ತೆ ನೋಡಲು ಹೋಗಕೂಡದು ಎಂದಳು. "ಆಕಿ ಅಳತಾಳ್ರಿ" ಎಂದ ಅವನು. "ಅಳಲಿ. ನೀವು ಬಾಜೂಕ ಕುಂಡ್ರ್ರಿ" ಎಂದಳು ಆಕೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಒಂದು ಸಂಜೆ ಆಸಿಫಾಳೇ "ಇದೊಂದ ಸಲ ಹೋಗಿ ಬರ್ರಿ" ಎಂದು ಕೈಮುಗಿದಳು. ಬಾಷಾ ಬೈಕಿನ ಕೀಲಿ ಹಿಡಿದು ಹೊಸ್ತಿಲಲ್ಲಿ ಕೂತ, ಎದ್ದ, ಮತ್ತೆ ಕೂತ. ಅವನ ಒದ್ದಾಟ ನೋಡಲಾಗದೆ ಅವಳೇ ಆ ಕೀಲಿ ಕಸಿದು ಜೋಳದ ಡಬ್ಬಿಯೊಳಗೆ ಆಳಕ್ಕೆ ತುರುಕಿದಳು. ಆ ಸಂಜೆ ಇಬ್ಬರೂ ಊಟ ಮಾಡಲಿಲ್ಲ. ಮರುದಿನ ಅವನು ಅಂಗಡಿಗೆ ನಡೆದೇ ಹೋದ. ಇನ್ನೊಂದು ದಿನ ಆಸಿಫಾ, ಗುಡ್ಡದ ಮೇಲಿನ ಕರೆಂಟು ತೆಗೆಯುವ ಗಾಳಿಪಂಖಗಳು ಕಾಣುವ ತನಕ ಗಟ್ಟಿಯಾಗಿದ್ದು, ಅಲ್ಲಿಂದ ಹಿಂದಿನ ರಸ್ತೆ ನೋಡಲೆಂದು ಗಾಡಿ ತಿರುಗಿಸಿಕೊಂಡು ಬಂದುಬಿಟ್ಟಳು. ಪುಣ್ಯಕ್ಕೆ ಅಂದು ಗಾಡಿ ಖಾಲಿ ಇತ್ತು. ಸೋತದ್ದನ್ನು ಅವಳು ಮುಚ್ಚಿಡಲಿಲ್ಲ, ಮಂಗಳವಾರ ಹೋಗಿ ಹೇಳಿದಳು.

ಸುಗ್ಗಿ ಮುಗಿಯುತ್ತ ಬಂತು. ಕೊನೆಯ ಕಡಲೆ ರಸ್ತೆಯ ಮೇಲಿದ್ದಾಗ, ಗಜೇಂದ್ರಗಡದ ಸಂತೆಯ ದಿನ, ಅಯಾಜ ಬಂದು ಅವಳ ಪಕ್ಕದ ಸೀಟಿನಲ್ಲಿ ಕೂತ. "ಸಂತಿಗೆ ಹೊಂಟೇನಿ" ಎಂದ. ಕೈಯಲ್ಲಿ ಚೀಲವಿರಲಿಲ್ಲ. ಏನು ನೋಡಲು ಬಂದಿದ್ದಾನೆಂದು ಆಸಿಫಾಳಿಗೂ ಗೊತ್ತಿತ್ತು, ಹಿಂದೆ ಕೂತ ಮಂದಿಗೂ ಗೊತ್ತಿತ್ತು.

ಸಿದ್ದವ್ವನ ಹೊಲದ ಹತ್ತಿರ ಗಾಡಿ ನಿಧಾನವಾಯಿತು. ಆಸಿಫಾ ನೋಡಿದಳು. ಗಿಡಗಳು ಚಪ್ಪಟೆಯಾಗಿ ಬಿದ್ದಿದ್ದವು. ಗಾಳಿಗೆ ಹಾರದಿರಲೆಂದು ಅಂಚಿಗೆ ಕಲ್ಲು ಇಟ್ಟಿದ್ದರು. ಸಿದ್ದವ್ವ ಕೋಲು ಹಿಡಿದು ಬದಿಯಲ್ಲಿ ನಿಂತಿದ್ದಳು. ಇಷ್ಟೇ ಇದ್ದದ್ದು. ಹಾರ್ನ್ ಹೊಡೆದು ಗಾಡಿ ಹಾಯಿಸಿದಳು. ಅಷ್ಟರಲ್ಲಿ ಎದುರಿನಿಂದ ಲಾರಿ ಬಂತು, ಅಂಚಿಗೆ ಸರಿಯಬೇಕಾಯಿತು, ಹಿಂದಿನ ಗಾಲಿ ದಡಕ್ಕನೆ ಎದ್ದು ಬಿತ್ತು.

"ಏನೋ ಬಡೀತಲ್ಲ ಭಾಭಿ," ಎಂದ ಅಯಾಜ.

"ಕಲ್ಲು. ಮೊದಲ ಕಂಡಿತ್ತು."

"ಖರೇನ ಕಲ್ಲ? ಒಮ್ಮೆ ಇಳದ ನೋಡಿದ್ರ ಏನ ಹೋಗತೈತಿ?"

ವರ್ಷವಿಡೀ ಆಸಿಫಾಳ ಹೊಟ್ಟೆಯೊಳಗೆ ಕೂತು ಕೊರೆದ ಮಾತು ಅಕ್ಷರ ತಪ್ಪದೆ ಇದೇ. ಈಗ ಅದು ಹೊರಗೆ, ಪಕ್ಕದ ಸೀಟಿನಲ್ಲಿ, ಗುಟ್ಕಾ ವಾಸನೆಯ ಬಾಯಿಂದ ಬರುತ್ತಿತ್ತು. ಅವಳು ಬ್ರೇಕ್ ಒತ್ತಿದಳು.

"ಶುರುವಾತ ನೋಡ," ಎಂದು ಹಿಂದೆ ಯಾರೋ ನಿಟ್ಟುಸಿರು ಬಿಟ್ಟರು. ಅಯಾಜ ಸ್ಟೇರಿಂಗ್ ಕಡೆಗೆ ಸರಿದು ಕೂತ.

"ಇಳಿ," ಎಂದಳು ಆಸಿಫಾ.

"ನಾ ಯಾಕ?"

"ಸಂಶೇ ಬಂದಿದ್ದು ನಿನಗ. ನನ್ನ ಕಣ್ಣ ನನಗ ಸಾಕು. ನೀ ಹೋಗಿ ನೋಡು, ಬೇಕಾದ್ರ ರಾಶಿ ಎಲ್ಲಾ ಕೆದರು. ನನಗ ಬಂದು ಹೇಳೂದ ಬ್ಯಾಡ."

"ಭಾಭಿ, ಚ್ಯಾಷ್ಟಿ ಸಾಕು."

"ಚ್ಯಾಷ್ಟಿ ಅಲ್ಲ. ಇಳೀತಿಯೋ, ಪಾಳಿ ಮುರದವರ ಮುಂದ ಮಾಡಿದಂಗ ಕೀಲಿ ತಗೊಂಡ ಹೋಗಲೋ? ಮಂದಿ ಸಂತಿಗೆ ಹೋಗಬೇಕು."

ಮಂದಿ ಅಯಾಜನನ್ನು ನೋಡಿದರು. ಅವನು ಇಳಿದ. ಆಸಿಫಾ ಅವನು ಬಾಯಿ ತೆರೆಯುವ ಮೊದಲೇ ಗಾಡಿ ಬಿಟ್ಟಳು.

ಕನ್ನಡಿಯಲ್ಲಿ ಅವನು ಚಿಕ್ಕದಾಗುತ್ತ ನಿಂತಿದ್ದ. ಆ ಕಡೆ ಈ ಕಡೆ ನೋಡಿದ. ಆಮೇಲೆ, ದೇವರಾಣೆಗೂ, ತಿರುಗಿ ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಕಡಲೆ ಗಿಡಗಳನ್ನು ಎತ್ತಿ ಕೆಳಗೆ ಬಗ್ಗಿ ನೋಡಿದ. ಸಿದ್ದವ್ವ ಕೋಲೆತ್ತಿಕೊಂಡು ಅವನ ಕಡೆಗೆ ಬರುತ್ತಿದ್ದಳು. ಹಿಂದಿನ ಸೀಟಿನವರು ಕೇಕೆ ಹಾಕಿ ನಕ್ಕರು.

ಆಸಿಫಾ ನಗಲಿಲ್ಲ. ಅಂಜಿಕೆ ಅಯಾಜನ ಜೊತೆ ಇಳಿದು ಹೋಗಿರಲಿಲ್ಲ, ಗಜೇಂದ್ರಗಡದ ತನಕ ಅದೂ ಬರುವುದಿತ್ತು. ಬರಲಿ, ಗಾಡಿ ಹೊಡೆಯುವವಳು ನಾನು ಎಂದುಕೊಂಡಳು. ಮುಂದಿನ ತಿರುವಿನಲ್ಲಿ ಇನ್ನಾರೋ ಕಡಲೆ ಹಾಸಿದ್ದರು. ಒಮ್ಮೆ ನೋಡಿ, ಹಾರ್ನ್ ಹೊಡೆದು, ಅದರ ಮೇಲೆ ಹಾದು ಹೋದಳು.