ಮುಂಡಾಸು ಬೀಳುವ ದೃಶ್ಯ

ಚಿತ್ರದ ಹೆಸರು ಮಾತ್ರ ಕೇಳಬೇಡಿ, ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರೋ ಒಬ್ಬ ಪುಣ್ಯಾತ್ಮರು ಎಲ್ಲಿಂದಲೋ ಇನ್ನೊಂದು ಕ್ಯಾಸೆಟ್ ಹುಡುಕಿ ತಂದು, "ತಗೊಳ್ಳಿ ಗಿರಿಜಮ್ಮ, ಕಣ್ತುಂಬ ನೋಡಿ" ಅಂದುಬಿಡುತ್ತೀರಿ. ನನಗೆ ಈಗ ಅದು ಬೇಡವಾಗಿದೆ. ರಾಜರ ಕಾಲದ ಕಪ್ಪು ಬಿಳುಪಿನ ಚಿತ್ರ, ಕುದುರೆ, ಕೋಟೆ, ಕತ್ತಿ ಕಾಳಗ ಎಲ್ಲ ಇತ್ತು ಅನ್ನುವಷ್ಟು ತಿಳಿದರೆ ಸಾಕು.

ಅದರಲ್ಲಿ ರಾಜಕುಮಾರಿ ಗಂಡುವೇಷ ಹಾಕಿ, ಮುಂಡಾಸು ಸುತ್ತಿ, ಸೆರೆಯಲ್ಲಿರುವ ಅಪ್ಪನನ್ನು ಬಿಡಿಸಲು ಕೋಟೆಗೆ ನುಗ್ಗುತ್ತಾಳೆ. ಮೆಟ್ಟಿಲ ಮೇಲೆ ಸೇನಾಪತಿಗೂ ಅವಳಿಗೂ ಕತ್ತಿ ಕಾಳಗ. ಆ ಪಾತ್ರ ಮಾಡಿದ ನಾಯಕಿಗೆ ಕತ್ತಿಯಿರಲಿ, ಬದನೆಕಾಯಿ ಹೆಚ್ಚುವ ಚಾಕು ಹಿಡಿಯಲೂ ಬರುತ್ತಿರಲಿಲ್ಲ. ಕಾದಾಡಿದವಳು ನಾನು. ನನ್ನಪ್ಪ ಗುಂಡಪ್ಪ ನಾಟಕ ಕಂಪನಿಯಲ್ಲಿ ಕತ್ತಿವರಸೆ ಕಲಿಸುವ ಮೇಷ್ಟರು. ನಡೆಯಲು ಕಲಿತ ಮೇಲೆ ನಾನು ಕಲಿತ ಮೊದಲ ವಿದ್ಯೆ ಅದು. ಮದರಾಸಿನ ಸ್ಟುಡಿಯೋದಲ್ಲಿ ನಾಯಕಿಯ ಬದಲಿಗೆ ಒಬ್ಬ ಹುಡುಗಿ ಬೇಕೆಂದಾಗ ಅಪ್ಪ ನನ್ನನ್ನೇ ಕರೆದುಕೊಂಡು ಹೋದರು.

ಬದಲಿಗೆ ನಿಂತವರ ಮುಖ ಕಾಣಬಾರದು, ಅದು ಕಟ್ಟಳೆ. ಕಾಳಗದ ಕೊನೆಗೆ ಮುಂಡಾಸು ಬಿದ್ದು ಕೂದಲು ಬಿಚ್ಚಿಕೊಳ್ಳಬೇಕು, ಅಲ್ಲಿಗೆ ನಿಲ್ಲಿಸಿ ನಾಯಕಿಯನ್ನು ತಂದು ನಿಲ್ಲಿಸಬೇಕು. ನಾನು ಗೆದ್ದ ಹುಮ್ಮಸ್ಸಿನಲ್ಲಿ ಕ್ಯಾಮೆರಾದ ಕಡೆಗೇ ಗಿರಕ್ಕನೆ ತಿರುಗಿಬಿಟ್ಟೆ. ನಿರ್ದೇಶಕರು ನಕ್ಕು, "ಇರಲಿ ಬಿಡಮ್ಮ, ಅರೆಗಳಿಗೆ ಕಂಡರೆ ಯಾರು ಗಮನಿಸ್ತಾರೆ? ಚೆನ್ನಾಗಿ ಬಂದಿದೆ, ಹಾಗೇ ಇಟ್ಕೋತೀನಿ" ಅಂದರು. ಆ ಅರೆಗಳಿಗೆ ನನ್ನದು. ಇಡೀ ಚಿತ್ರದಲ್ಲಿ ನನ್ನದು ಅಂತ ಇದ್ದದ್ದು ಅಷ್ಟೇ.

ಆವತ್ತು ಸೆಟ್ಟಿನಲ್ಲಿ ಚಪ್ಪಾಳೆ ತಟ್ಟಿದವರು ಒಬ್ಬರೇ, ಕ್ಯಾಂಟೀನಿನಿಂದ ಕಾಫಿ ತಂದಿದ್ದ ಸದಾಶಿವ. ತಟ್ಟೆ ನೆಲದ ಮೇಲಿಟ್ಟು ತಟ್ಟಿದರು. ಕಾಫಿ ಆರಿ ತಣ್ಣಗಾಯಿತೆಂದು ಬೈಸಿಕೊಂಡರು ಕೂಡ. ಆ ಮನುಷ್ಯನನ್ನೇ ನಾನು ಮದುವೆಯಾದೆ.

ಉಡುಪಿ ಕಡೆಯ ಅವರ ಮನೆಯಲ್ಲಿ ನಾಟಕದವರನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೆ ಇವರು ತಾಯಿಗೆ "ಮೇಷ್ಟರ ಮಗಳು" ಎಂದಷ್ಟೇ ಹೇಳಿದರು. ಅತ್ತೆ ಶಾಲೆ ಮೇಷ್ಟರೆಂದುಕೊಂಡರು, ನಾವು ತಿದ್ದಲಿಲ್ಲ. ಚಿತ್ರ ಬಿಡುಗಡೆಯಾದಾಗ ನಾನು ಆ ಮನೆಯ ಸೊಸೆ, ಸಿನಿಮಾ ಟೆಂಟಿನ ಕಡೆ ತಲೆ ಹಾಕುವಂತಿರಲಿಲ್ಲ. ಆಮೇಲೆ ನಾವು ಗುಜರಾತಿಗೆ ಬಂದೆವು. ಮೊದಲು ವಟ್ವಾದ ಕಾರ್ಖಾನೆಗಳ ನಡುವೆ ಕ್ಯಾಂಟೀನು, ನಂತರ ಅಹಮದಾಬಾದಿನಲ್ಲೇ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಸ್ವಂತ ಹೋಟೆಲು. ಅತ್ತೆ ತೀರಿಕೊಂಡರೂ ಬಾಯಿಗೆ ಬಿದ್ದ ಬೀಗ ಹಾಗೇ ಉಳಿಯಿತು. ಕೇಳುತ್ತಿದ್ದೀರಾ? ಆ ಚಿತ್ರವನ್ನು, ನನ್ನ ಮುಖವನ್ನು, ನಾನು ಒಮ್ಮೆಯೂ ನೋಡಿರಲಿಲ್ಲ.

ಮೊನ್ನೆ ಮೊನ್ನೆ, ಹಳೆಯ ಚಿತ್ರಗಳೆಲ್ಲ ವಿಡಿಯೊ ಕ್ಯಾಸೆಟ್ಟಿನಲ್ಲಿ ಬರತೊಡಗಿದಾಗ, ಬೆಂಗಳೂರಿನ ಅಂಗಡಿಯೊಂದರಲ್ಲಿ ನಮ್ಮ ದೊಡ್ಡಣ್ಣನ ಕಣ್ಣಿಗೆ ಅದು ಬಿತ್ತು. ಇದ್ದದ್ದು ಒಂದೇ ಪ್ರತಿ. ಈ ಕಡೆ ಬರುವವರ ಕೈಯಲ್ಲಿ ಕಳಿಸಿಕೊಟ್ಟ. ಅದು ಕೈಗೆ ಬಂದಾಗ ಸೆರಗಿನಿಂದ ಒರೆಸಿ ಒರೆಸಿ ನೋಡಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಆಗ ನನ್ನ ಮಗಳು ಸೌಮ್ಯಾಳ ಮದುವೆಯ ಮಾತು ನಡೆದಿತ್ತು. ಹುಡುಗ ಅನಿರುದ್ಧ, ಪಕ್ಕದ ಬಡಾವಣೆ ಬೋಡಕ್‌ದೇವ್‌ನವನು. ಅವನ ತಂದೆ ಚಂದ್ರಶೇಖರ, ಬ್ಯಾಂಕ್ ಕೆಲಸದಲ್ಲಿ ನಮ್ಮ ಕಡೆಯಿಂದ ವರ್ಗವಾಗಿ ಬಂದವರು. ಹುಡುಗ ಹುಡುಗಿ ಆಗಲೇ ಮೆಚ್ಚಿಕೊಂಡಾಗಿತ್ತು, ದೊಡ್ಡವರ ಒಪ್ಪಿಗೆ ಬಾಕಿ. ಹುಡುಗನ ತಾಯಿ ವೈದೇಹಿಗೆ ಹಳೆಯ ಚಿತ್ರಗಳ ಹುಚ್ಚು. ಭಾನುವಾರ ಅವರೆಲ್ಲ ಊಟಕ್ಕೆ ಬರುವವರಿದ್ದರು.

"ಊಟ ಆದ್ಮೇಲೆ ಇದನ್ನ ಹಾಕೋಣ" ಎಂದೆ ನಾನು, ಗಂಡ ಮತ್ತು ಮಗಳನ್ನು ಕೂರಿಸಿಕೊಂಡು. "ಮುಂಡಾಸು ಬಿದ್ದ ತಕ್ಷಣ ಇದು ನಾನೇ ಅಂತ ಹೇಳ್ತೀನಿ. ನನ್ನ ಮದುವೆ ಮುಚ್ಚುಮರೆಯಲ್ಲಿ ಆಯ್ತು, ಇವಳದ್ದು ಹಾಗಾಗೋದು ಬೇಡ."

"ಈಗ ಅದೆಲ್ಲ ಎಂತಕ್ಕೆ ಮಾರಾಯ್ತಿ?" ಎಂದರು ಇವರು.

"ಎಂತಕ್ಕೆ ಅಂದ್ರೆ? ನನ್ನ ಮುಖ ನಾನು ನೋಡ್ಕೋಬಾರ್ದಾ? ನನ್ನ ಮಗಳು ನೋಡಬಾರ್ದಾ?"

"ಆಯ್ತು ಆಯ್ತು, ನಿನ್ನಿಷ್ಟ."

ಸೌಮ್ಯಾಗೆ ವಿಷಯ ಗೊತ್ತಾದದ್ದೇ ಆವತ್ತು. ಕಣ್ಣರಳಿಸಿ ಕೇಳಿದಳು, ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡದಲ್ಲಿ ಅರ್ಧ ಕನ್ನಡವಿರುವುದಿಲ್ಲ. "ಮಮ್ಮಿ, ನೀನು ಫೈಟಿಂಗ್? ಸಚ್ಚಿ? ಸಂಡೇ ಎಲ್ರೂ ಸಾಥ್ ಸಾಥ್ ನೋಡೋಣ. ಅದಕ್ಕೆ ಪೆಹಲೇ ನೀನೊಬ್ಳೇ ನೋಡ್ಬಾರ್ದು, ಪ್ರಾಮಿಸ್ ಮಾಡು."

ಮಾಡಿದೆ. ಹುಚ್ಚಿ ನಾನು. ಇಷ್ಟು ವರ್ಷ ಕಾದವಳಿಗೆ ಇನ್ನು ನಾಲ್ಕು ದಿನ ಏನು ಮಹಾ ಅನ್ನಿಸಿತು. ಮಗಳ ಪಕ್ಕದಲ್ಲಿ ಕೂತು ಮೊದಲ ಸಲ ನೋಡುವ ಆಸೆಯೂ ಇತ್ತಲ್ಲ. ಕ್ಯಾಸೆಟ್ಟನ್ನು ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟೆ. ನಡುವೆ ಒಂದು ದಿನ ವಡೋದರಾಕ್ಕೆ ಸೀಮಂತಕ್ಕೆಂದು ಹೋಗಿ, ರಾತ್ರಿ ಅಲ್ಲೇ ಇದ್ದು ಬಂದೆ. ಬೀಗ ಹಾಕಿಕೊಂಡು ಹೋಗಬೇಕೆಂದು ನನಗೆ ತೋಚಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೆ ಹೆದರಿ ಬೀಗ ಹಾಕಲಿ?

ಭಾನುವಾರ ಬಂತು. ಹೋಳಿಗೆ ಊಟ ಮುಗಿಸಿ, ಕಿಟಕಿಯ ಪರದೆ ಎಳೆದು ಎಲ್ಲರೂ ಟಿವಿ ಮುಂದೆ ಕೂತೆವು. ನಾನು ಜರಿಯಂಚಿನ ಸೀರೆ ಉಟ್ಟಿದ್ದೆ. ಚಿತ್ರ ಶುರುವಾಯಿತು. ವೈದೇಹಿಯವರಿಗೆ ಮಾತೆಲ್ಲ ಬಾಯಿಪಾಠ, ಪಾತ್ರಧಾರಿಗಳಿಗಿಂತ ಮೊದಲೇ ತಾವು ಹೇಳಿಬಿಡುತ್ತಿದ್ದರು. "ಕೋಟೆ ಫೈಟಿಂಗ್ ಬರ್ಲಿ, ನೋಡ್ತಿರಿ" ಎಂದು ಗಂಡನನ್ನು ಮೊಣಕೈಯಿಂದ ತಿವಿದರು. ನಾನು ಕುರ್ಚಿಯ ತುದಿಗೆ ಸರಿದು ಕೂತೆ.

ರಾಜಕುಮಾರಿ ಕನ್ನಡಿ ಮುಂದೆ ಮುಂಡಾಸು ಸುತ್ತಿಕೊಂಡಳು. ಕುದುರೆ ಓಡಿತು. ಕೋಟೆಯ ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ನೆರಳೊಂದು ಬಿತ್ತು, ನನ್ನ ನೆರಳೇ. ಅಷ್ಟರಲ್ಲಿ ತೆರೆ ಗರಗರ ಎಂದು ಅದುರಿ, ಬಣ್ಣ ಬಂದು, ಕನ್ನಡಕದ ಒಬ್ಬ ಮಹಾನುಭಾವ ಪ್ರತ್ಯಕ್ಷನಾದ. "ಖೇಡೂತ್ ಮಿತ್ರೋ" ಎಂದು ರೈತರಿಗೆ ನಮಸ್ಕಾರ ಮಾಡಿ, ಹರಳು ಗಿಡದ ಬೆಳೆಗೆ ಹುಳ ಬಿದ್ದರೆ ಯಾವ ಔಷಧಿ ಹೊಡೆಯಬೇಕೆಂದು ಗುಜರಾತಿಯಲ್ಲಿ ವಿವರಿಸತೊಡಗಿದ.

ಎಲ್ಲರೂ ಹೋ ಎಂದು ನಕ್ಕರು. ಚಂದ್ರಶೇಖರರಂತೂ, "ಸೇನಾಪತಿಗೆ ಹರಳೆಣ್ಣೆ ಕುಡಿಸ್ತಾರೇನೋ" ಎಂದು ಕಣ್ಣೀರು ಬರುವಷ್ಟು ನಕ್ಕರು. ನಾನೂ ನಗಬೇಕೆಂದು ಬಾಯಿ ತೆರೆದೆ. ನಗು ಬರಲಿಲ್ಲ. ಈಗ ಹೋಗುತ್ತದೆ, ಈಗ ಹೋಗುತ್ತದೆ ಎಂದು ಕಾದೆ. ಆ ಮನುಷ್ಯ ಒಂದೊಂದು ಎಲೆಯನ್ನೂ ಮಗುಚಿ ಮಗುಚಿ ತೋರಿಸಿದ. ಕೊನೆಗೆ ಮತ್ತೆ ಗರಗರ, ಮತ್ತೆ ಕಪ್ಪು ಬಿಳುಪು. ಸೇನಾಪತಿ ನೆಲದ ಮೇಲೆ ಬಿದ್ದಿದ್ದ. ಮುಂಡಾಸೂ ಬಿದ್ದಿತ್ತು. ಬಿಚ್ಚಿದ ಕೂದಲಲ್ಲಿ ನಾಯಕಿ ನಗುತ್ತ ನಿಂತಿದ್ದಳು.

"ಅಯ್ಯೋ, ನಾನು ನೋಡ್ಬೇಕು ಅಂತಿದ್ದಿದ್ದೇ ಅದು!" ಎಂದರು ವೈದೇಹಿ, ಚಿಕ್ಕ ಮಕ್ಕಳ ಹಾಗೆ ಮುಖ ಸಣ್ಣ ಮಾಡಿ. "ಗಿರಿಜಾ ಅವ್ರೇ, ಆ ಫೈಟಿಂಗ್ ಮಾಡಿದ್ದು ಹೀರೋಯಿನ್ ಅಲ್ಲ, ಗೊತ್ತಾ? ನಿಲುವೇ ಬೇರೆ. ಯಾವಳೋ ಗಟ್ಟಿಗಿತ್ತಿ. ಪಾಪ, ಹೆಸರೂ ಹಾಕಿಲ್ಲ. ಚಿಕ್ಕವಳಿದ್ದಾಗ ಆ ಸೀನ್ ನೋಡಿ ಬಂದು ಮನೇಲಿ ಸೌಟು ಹಿಡ್ಕೊಂಡು ಕುಣಿದಿದ್ದೆ, ಬೆನ್ನಿಗೆ ಬಿದ್ದಿತ್ತು ಏಟು."

ನಾನು ಬಾಯಿ ತೆರೆದೆ. "ಅದು..." ಎನ್ನುವಷ್ಟರಲ್ಲಿ ಇವರು, "ಯಾರೋ ತಪ್ಪಿ ಬಟನ್ ಒತ್ತಿದ್ದು ಕಾಣ್ತದೆ. ಕಾಫಿ ತಕೊಳ್ಳಿ, ಕಾಫಿ" ಎಂದು ಲೋಟ ಹಂಚಲು ಎದ್ದರು. ಆಮೇಲೆ ಏನೆಂದು ಹೇಳಲಿ? ಮುಖವಿಲ್ಲದೆ, ಬರೀ ಬಾಯಿಮಾತಿನಲ್ಲಿ, ಅದು ನಾನೇ ಎಂದರೆ ಜಂಬ ಕೊಚ್ಚಿಕೊಂಡ ಹಾಗಾಗುತ್ತದೆ. ಇವರ ಹಿಂದೆಯೇ ಸಕ್ಕರೆ ಡಬ್ಬಿ ಹಿಡಿದು ಎದ್ದೆ.

ಅವರನ್ನು ಕಳಿಸಿ ಬಂದು ಕ್ಯಾಸೆಟ್ ಹೊರತೆಗೆದೆ. ಅಂಗಡಿಯಲ್ಲಿ ಮಾರುವ ಕ್ಯಾಸೆಟ್ಟಿನ ಬೆನ್ನಿಗೆ ಒಂದು ಸಣ್ಣ ತೂತಿರುತ್ತದೆ. ಅದು ತೆರೆದಿರುವವರೆಗೆ ಯಾವ ಬಟನ್ ಒತ್ತಿದರೂ ಮೇಲೆ ಬೇರೆ ಏನೂ ರೆಕಾರ್ಡ್ ಆಗುವುದಿಲ್ಲ. ಆಗಬೇಕೆಂದರೆ ತೂತನ್ನು ಮುಚ್ಚಬೇಕು. ನನ್ನ ಕ್ಯಾಸೆಟ್ಟಿನ ತೂತಿನ ಮೇಲೆ ಸೆಲ್ಲೋಟೇಪ್ ಅಂಟಿಸಿತ್ತು, ನೀಟಾಗಿ ಕತ್ತರಿಸಿ.

ಕ್ಯಾಸೆಟ್ಟನ್ನು ಎತ್ತಿ ಹಿಡಿದು ಕೂಗಿದೆ. "ರೀ, ಇಲ್ಲಿ ಬನ್ನಿ. ತಪ್ಪಿ ಒತ್ತಿದ್ದಾ ಇದು? ತಪ್ಪಿ ಯಾರಾದ್ರೂ ಟೇಪ್ ಅಂಟಿಸ್ತಾರಾ?"

ಇವರು ಕ್ಯಾಸೆಟ್ಟನ್ನು ನೋಡಿದರು, ನೆಲ ನೋಡಿದರು. "ನಾನೇ ಮಾಡಿದ್ದು" ಎಂದರು.

ಆಮೇಲೆ ನಾನು ಏನೇನು ಅಂದೆನೋ ಪಕ್ಕದ ಫ್ಲ್ಯಾಟಿನವರಿಗೆ ಗೊತ್ತು. "ನಂಬಿಸಿ ಕತ್ತು ಕೊಯ್ದ್ರಲ್ರೀ! ಚಪ್ಪಾಳೆ ತಟ್ಟಿದ ಕೈಯಲ್ವಾ ಇದು? ನಿಮ್ಮಮ್ಮ ಇರೋವರೆಗೆ ಸುಮ್ನಿರು ಅಂದ್ರಿ, ಇದ್ದೆ. ಅವರು ಹೋದ್ಮೇಲೂ ಇದ್ದೆ. ನಾನು ಕೇಳಿದ್ದೇನು, ಚಿನ್ನಾನಾ, ಬಂಗಲೇನಾ? ನನ್ನ ಮುಖ ಕಣ್ರೀ, ನನ್ನದೇ ಮುಖ!" ಅವರು ಸೋಫಾದ ಅಂಚಿನಲ್ಲಿ ಕೈ ಕಟ್ಟಿಕೊಂಡು ಕೂತು ಬೈಸಿಕೊಂಡರು. ಬೈದಷ್ಟೂ ನನಗೆ ಸಿಟ್ಟು ಏರುತ್ತಿತ್ತು.

"ಪಪ್ಪಾಗೆ ಬೈಬೇಡ."

ಸೌಮ್ಯಾ ಬಾಗಿಲಲ್ಲಿ ನಿಂತಿದ್ದಳು. "ಪಪ್ಪಾ ಮಾಡಿಲ್ಲ. ನಾನು ಮಾಡಿದ್ದು. ನೀನು ವಡೋದರಾಕ್ಕೆ ಹೋದಾಗ."

"ನೀನು ಒಳಗೆ ಹೋಗು ಮಗಾ" ಎಂದರು ಇವರು.

"ಇಲ್ಲ ಪಪ್ಪಾ. ಪಪ್ಪಾಗೆ ಅಳಿಸಿದ ಮೇಲೆ ಗೊತ್ತಾಯ್ತು ಮಮ್ಮಿ, ನನಗೆ ತುಂಬಾ ಬೈದ್ರು."

ನನಗೆ ಕೂಡಲೇ ಅರ್ಥವಾಗಲಿಲ್ಲ. ಕುತ್ತಿಗೆಗೆ ಜೋತುಬಿದ್ದವಳು, ಪ್ರಾಮಿಸ್ ಮಾಡಿಸಿಕೊಂಡವಳು ಇವಳೇ ತಾನೇ? ಹಾಗಾದರೆ ಅದು ನನ್ನ ಜೊತೆ ನೋಡುವ ಆಸೆಗಲ್ಲ, ನಾನು ಮೊದಲೇ ನೋಡದಿರಲಿ ಎಂದು.

"ಯಾಕೆ?" ಎಂದೆ.

"ಅನಿರುದ್ಧನ ಘರ್‌ವಾಲೋಂಗೆ, ನಿನ್ನ ಪಪ್ಪಾ, ನನ್ನ ನಾನಾಜಿ, ಸ್ಕೂಲ್ ಟೀಚರ್ ಅಂತ ಹೇಳಿದ್ದೆ. ನೀವೇ ನನಗೆ ಹಾಗೆ ಹೇಳಿದ್ದಲ್ವಾ? ಈಗ ಡ್ರಾಮಾ ಕಂಪನಿ, ಸಿನಿಮಾ ಫೈಟಿಂಗ್ ಅಂತೆಲ್ಲ... ಅವನ ದಾದಿ, ಆ ಅಜ್ಜಿ ಒಪ್ಪಲ್ಲ ಮಮ್ಮಿ. ಶಾದಿ ನಿಂತುಹೋದ್ರೆ?"

"ವೈದೇಹಿ ಏನಂದ್ರು, ಕೇಳಿಸ್ಕೊಂಡ್ಯಾ?"

"ಈಗ ಕೇಳಿದೆ." ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಆಗ ಗೊತ್ತಿರ್ಲಿಲ್ಲ."

ಅವಳಿಗೆ ಹೇಳಿಕೊಟ್ಟವರು ನಾವೇ, ಒಪ್ಪುತ್ತೇನೆ. ಆದರೂ ಸಿಟ್ಟು ಆರಲಿಲ್ಲ. ಬೇರೆ ಪ್ರತಿ ಸಿಗಬಹುದು, ಸಿಗದೆಯೂ ಇರಬಹುದು. ಸಿಕ್ಕರೂ ಯಾರ ಪಕ್ಕದಲ್ಲಿ ಕೂತು ನೋಡಲಿ?

"ಅಳಿಸೋ ಮುಂಚೆ ನೀನು ನೋಡಿದ್ಯಾ?" ಎಂದು ಕೇಳಿದೆ.

"ನೋಡಿದೆ. ಎಲ್ಲಿ ಸ್ಟಾರ್ಟ್, ಎಲ್ಲಿ ಎಂಡ್ ಅಂತ ಗೊತ್ತಾಗ್ಬೇಕಿತ್ತಲ್ಲ."

"ಮುಖ ಕಾಣ್ತಿತ್ತಾ?"

ಅವಳು ತಲೆಯಾಡಿಸಿದಳು. "ಸಾಫ್ ಕಾಣ್ತಿತ್ತು. ಅಲ್ಲಿ ನಿಲ್ಲಿಸಿ ನೋಡಿದೆ. ಆಗ ಒಂದ್ಸಲ ಅಳಿಸೋದು ಬೇಡ, ಅದು ನೀನು ಅಂತ ಹೇಳ್ಬೇಡ ಅಂತ ನಿನ್ನ ಕೇಳ್ಕೊಂಡ್ರೆ ಸಾಕು ಅನ್ನಿಸ್ತು ಮಮ್ಮಿ, ಗಾಡ್ ಪ್ರಾಮಿಸ್. ಆದ್ರೆ ಅದು ಬಿಲ್ಕುಲ್ ನನ್ನ ಮುಖ. ಯಾರು ನೋಡಿದ್ರೂ ಗೊತ್ತಾಗಿ ಹೋಗ್ತಿತ್ತು. ಅದಕ್ಕೇ ಅಳಿಸಿದೆ."

ನಾನು ಇಷ್ಟು ವರ್ಷ ನೋಡಬೇಕೆಂದಿದ್ದ ಮುಖ ನನ್ನೆದುರಿಗೇ ನಿಂತು ಅಳುತ್ತಿತ್ತು. ಅದನ್ನು ಕಣ್ಣೆತ್ತಿ ನೋಡಲು ನನ್ನಿಂದ ಆಗಲಿಲ್ಲ.